ಮಸ್ಕತ್ತಿನ ಜರಡಿ

೩೧ ಜನವರಿ ೧೯೯೯, ಭಾನುವಾರ

ಹೊಸ ಡೈರಿ! ಕೆಂಪು ರಟ್ಟು, ಮೊದಲ ಪುಟದಲ್ಲಿ ಯಾವುದೋ ಬೀಜದ ಕಂಪನಿ ಅಚ್ಚು ಹಾಕಿಸಿದ ಗಣಪತಿ. ಇವರು ಗುಲ್ಬರ್ಗಾದಿಂದ ತಂದುಕೊಟ್ಟರು. ಇಂಗ್ಲಿಷಿನಲ್ಲಿ ಬರೆಯೋಣವೆಂದು ಪೆನ್ನು ತೆಗೆದೆ, ಆಮೇಲೆ ಹೊಳೆಯಿತು: ಇಂಗ್ಲಿಷಿನಲ್ಲಿ ಬರೆದರೆ ಇವರು ಕದ್ದು ಓದುತ್ತಾರೆ. ಕನ್ನಡದಲ್ಲಿ ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ. ಇದಕ್ಕಿಂತ ಗಟ್ಟಿ ಬೀಗ ಬೇಕೆ?

ಮದುವೆಯಾಗಿ ಎರಡು ತಿಂಗಳಾಯಿತು. ಅಫಜಲಪುರದ ಹುಡುಗಿ, ಗುಲ್ಬರ್ಗಾದ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವಳು, ಈಗ ಆಳಂದದ ಸೊಸೆ. ಇವರು ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಅದನ್ನು ನೋಡಲು ದಿನವಿಡೀ ಏನಾದರೂ ತಮಾಷೆ ಹುಡುಕುತ್ತಿರುತ್ತೇನೆ!

ಇವರ ಅಂಗಡಿ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿದೆ. ಮಾವ ದೌಲತರಾಯರದು ತೊಗರಿಯ ಅಡತಿ ವ್ಯಾಪಾರ. ಅವರ ಗೊಬ್ಬರದ ಗೋದಾಮಿನ ಮುಂದಿನ ಕೋಣೆಯನ್ನು ಇವರು ಜಗಳವಾಡಿ ಬಿಡಿಸಿಕೊಂಡು ಎಸ್‌ಟಿಡಿ ಬೂತ್ ಮಾಡಿದ್ದರು. ಈಗ ಅದರಲ್ಲಿ ಕಂಪ್ಯೂಟರು! ಗುಲ್ಬರ್ಗಾದ ನಂಬರಿಗೆ ಡಯಲ್ ಮಾಡಿದರೆ ಮೋಡೆಮ್ ಬಾಲ ತುಳಿದ ಬೆಕ್ಕಿನಂತೆ ಕಿರುಚಿ, ಕೆಮ್ಮಿ, ಕೊನೆಗೆ ಸುಮ್ಮನಾಗುತ್ತದೆ. ಸುಮ್ಮನಾಯಿತೆಂದರೆ ನಾವು ಜಗತ್ತಿಗೆಲ್ಲ ಸೇರಿದೆವು! ಹೊರಗೆ ಬೋರ್ಡ್: ‘ಇ-ಮೇಲ್ ಕಳಿಸಿಕೊಡಲಾಗುವುದು. ಐದು ನಿಮಿಷದಲ್ಲಿ ಪರದೇಶಕ್ಕೆ.’

ಇವರು ಎರಡು ಬೆರಳಿನಲ್ಲಿ ಟೈಪ್ ಮಾಡುತ್ತಾರೆ, ನಾನು ಹತ್ತರಲ್ಲಿ. ಅದಕ್ಕೇ ನಾನೂ ಬೆಳಿಗ್ಗೆ ಅಂಗಡಿಗೆ ಹೋಗಲು ಅತ್ತೆಯ ಅಪ್ಪಣೆ ಸಿಕ್ಕಿದೆ. ಅತ್ತೆ ಗೌರಾಬಾಯಿ ಹೇಳಿದ್ದು: ‘ರೊಟ್ಟಿ ಬಡಿಯಾಕಂತೂ ಬರಂಗಿಲ್ಲ ನಿನಗ. ಹೋಗವಾ, ಅದನ್ನರೆ ಬಡಿ.’

ಶಿವರಾತ್ರಿಗೆ ತವರು! ಅಣ್ಣ ಮಲ್ಲಣ್ಣ ಕರೆಯಲು ಬರುತ್ತಾನೆ. ಕುಣಿಯುವಂತಾಗಿದೆ!

೨ ಫೆಬ್ರುವರಿ, ಮಂಗಳವಾರ

ನಿನ್ನೆ ಮತ್ತು ಇವತ್ತು ಒಬ್ಬರೇ ಗಿರಾಕಿ, ಆದರೆ ಎಂಥ ಗಿರಾಕಿ! ಹಿಂದಿನ ಓಣಿಯ ವಜೀರುನ್ನಿಸಾ ಚಾಚಿ. ಮಗ ಶರಫುದ್ದೀನ ಮಸ್ಕತ್ತಿನಾಚೆ ಮರುಭೂಮಿಯಲ್ಲಿ, ರಸ್ತೆ ಮಾಡುವ ಕಂಪನಿಯ ಸ್ಟೋರ್‌ಕೀಪರ್. ಅಲ್ಲಿ ಫೋನಿಲ್ಲ. ಟಪಾಲು ಹೆಡ್ ಆಫೀಸಿಗೆ ಹೋಗಿ ಯಾವಾಗಲೋ ಲಾರಿ ಹತ್ತುತ್ತದೆ. ಸ್ಟೋರಿನಲ್ಲಿ ಕಂಪನಿಯ ಕಂಪ್ಯೂಟರೊಂದಿದೆ, ಅಷ್ಟೇ.

ಚಾಚಿ ಮೋಡೆಮ್ಮಿನ ಬಾಯಿಯೆಂದುಕೊಂಡು ಕೀಲಿಮಣೆಯ ಹತ್ತಿರ ಬಾಗಿ ಜೋರಾಗಿ ಹೇಳುತ್ತಾರೆ.

‘ಶರ್ಫೂ, ಉಂಡಿ? ತಲಿಗಿ ಟಾವೆಲ್ ಕಟ್ಟಿಕೊಂಡು ಬಿಸಿಲಾಗ ಅಡ್ಡಾಡು. ಖುರ್ಷಿದ ಆರಾಮ ಅದಾಳ. ಆಡು ಮರಿ ಹಾಕ್ಯದ. ಬಸ್.’

ಇಷ್ಟೇನಾ! ನಾನು ಇಂಗ್ಲಿಷಿನಲ್ಲಿ ಚೆಂದ ಮಾಡಿ ಬರೆದೆ. ‘ನನ್ನ ಪ್ರಾಣದ ಪ್ರಾಣವೇ, ನನ್ನ ಅಂಗಳದ ಚಂದ್ರನೇ, ನೀನಿಲ್ಲದೆ ಈ ಬೇಸಿಗೆ ಎಷ್ಟು ದೀರ್ಘ!’ ಬೇಸಿಗೆ ಇನ್ನೂ ಬಂದಿಲ್ಲ, ಇರಲಿ. ಆಡಿನ ಮರಿಯ ಬಗ್ಗೆಯೇ ಆರು ಸಾಲು ಬಂತು!

೮ ಫೆಬ್ರುವರಿ, ಸೋಮವಾರ

ಮರ್ಯಾದೆ ಹೋಯಿತು.

ಚಾಚಿ ಕಳೆದ ವಾರ ಮೂರು ಮೇಲ್ ಕಳಿಸಿದರು. ದಿನಾ ಬಂದು ಬಾಗಿಲಲ್ಲಿ ನಿಂತು ‘ಉತ್ರ ಬಂತೇನವಾ?’ ಎಂದು ಕೇಳಿದರು. ಕೊನೆಗೆ ನಿನ್ನೆ ಬಂತು: ‘ಅಮ್ಮಿ, ನಿನ್ನ ಮೂರೂ ಮೇಲ್ ಶನಿವಾರ ಒಟ್ಟಿಗೇ ಬಂದವು. ಮತ್ತೆ ನನ್ನನ್ನು ಚಂದ್ರ ಅಂತ ಯಾಕೆ ಅಂದಿ? ಮೈಯಲ್ಲಿ ಆರಾಮಿಲ್ಲೇನು?’

ಇವರಿಗೆ ಗುಳಿ ಬೀಳುವಷ್ಟು ನಗು. ‘ಏ, ಚಂದ್ರ ಗಿಂದ್ರ ಬಿಡು. ಚಾಚಿ ಹೇಳಿದಷ್ಟ ಬರಿ. ಆ ಹುಡುಗ ಅಲ್ಲಿ ಅಂಜಿಕೊಂಡಾನ.’

ನಗದವರು ಮಾವ. ತಕ್ಕಡಿ ಬಿಟ್ಟು ಎದ್ದು ಬಂದು ಬೋರ್ಡಿನ ಕೆಳಗೆ ನಿಂತರು. ‘ಐದು ಮಿನಿಟಿನ್ಯಾಗ ಪರದೇಶಕ್ಕ! ನಮ್ಮ ಟಪಾಲಿನವ ಸೈಕಲ್ ಮ್ಯಾಲ ಹೊಂಟಿದ್ರ ಇಷ್ಟೊತ್ತಿಗಿ ಮಸ್ಕತ್ತಿನ್ಯಾಗ ಚಹಾ ಕುಡೀತಿದ್ದ.’

ಇವರು ಲೈನಿನ ತಪ್ಪೆಂದರು, ಇಲಿ ಕಡಿದಿರಬೇಕೆಂದರು, ಗೋದಾಮಿನ ಗೋಡೆಯುದ್ದಕ್ಕೂ ವೈರು ಮುಟ್ಟುತ್ತ ಮೊಣಕಾಲ ಮೇಲೆ ಹೋದರು. ಯೂರಿಯಾ ಮೆತ್ತಿಕೊಂಡು ಎದ್ದು ಬಂದಾಗ ಎಷ್ಟು ಮುದ್ದಾಗಿದ್ದರು! ಆದರೆ ಲೈನಿನ ತಪ್ಪಾಗಿದ್ದರೆ ಪುಣೆಯ ನನ್ನ ಗೆಳತಿಗೆ ಕಳಿಸಿದ್ದು ಅಷ್ಟು ಲಗುಬಗೆ ಹೇಗೆ ಮುಟ್ಟಿತು?

ಇವರ ಕಂಪ್ಯೂಟರ್ ಕೋರ್ಸಿನ ದಪ್ಪ ಪುಸ್ತಕವನ್ನು ಮನೆಗೆ ತಂದು ಓದಿದೆ. ಪ್ರತಿ ಮೇಲಿನ ತಲೆಯ ಮೇಲೆ ಕಾಣದ ಸಾಲುಗಳಿರುತ್ತವಂತೆ. ದಾರಿಯಲ್ಲಿ ಸಿಗುವ ಒಂದೊಂದು ಯಂತ್ರವೂ ತನ್ನ ಹೆಸರು, ವೇಳೆ ಬರೆದು ಮುಂದೆ ದಾಟಿಸುತ್ತದೆ, ಟಪಾಲು ಕಚೇರಿಗಳು ಠಸ್ಸೆ ಒತ್ತಿದ ಹಾಗೆ. ನಮ್ಮದೊಂದು ಮೇಲನ್ನು ಆ ಸಾಲುಗಳ ಸಮೇತ ವಾಪಸು ಕಳಿಸಲು ಶರಫುದ್ದೀನನಿಗೆ ಬರೆದೆ. ಚಂದ್ರ ಇಲ್ಲದೆ ಬರೆದೆ.

೧೩ ಫೆಬ್ರುವರಿ, ಶನಿವಾರ

ಸಂಜೆ ಚಾಚಿ ಓಡುತ್ತ ಬಂದರು. ಚಪ್ಪಲಿ ಬೇರೆ ಬೇರೆ ಜೋಡಿಯದು.

ಮಗಳು ಖುರ್ಷಿದಳ ನಿಕಾಹ ಬಕ್ರೀದಿನ ನಂತರ ಎಂದು ಗೊತ್ತಾಗಿತ್ತು. ಹುಡುಗ ಜೇವರ್ಗಿಯ ನಿಜಾಮುದ್ದೀನ. ಅವನಿಗೆ ದೂರದಲ್ಲಿ ನೌಕರಿಯಾಗಿ ಮಾರ್ಚ್ ನಡುವೆ ಹೋಗಬೇಕಾಗಿದೆ. ಆದ್ದರಿಂದ ಮಾರ್ಚ್ ಏಳಕ್ಕೇ ಮುಗಿಸೋಣ ಎಂದಿದ್ದಾರೆ. ಚಾಚಿ ಒಪ್ಪಿ ಬಂದಿದ್ದಾರೆ. ಆದರೆ ಶರಫುದ್ದೀನನಿಗೆ ಗೊತ್ತಿಲ್ಲ.

‘ಅವರಪ್ಪ ತೀರಿದ ಮ್ಯಾಲ ಖುರ್ಷಿದಗ ಅಪ್ಪನೂ ಅವ್ನೇ, ಅಣ್ಣನೂ ಅವ್ನೇ,’ ಎಂದರು ಚಾಚಿ. ‘ಅವ್ನು ಕುಂತು ಕೊಡಬೇಕವಾ ತಂಗೀನ. ಇಲ್ಲಂದ್ರ ನನ ಕೂಸು ಯಾರ ಕೈಲಿ ಹೋಗಬೇಕು?’

ಸಮಯಕ್ಕೆ ಮುಟ್ಟಬೇಕಾದರೆ ಅವನು ಮಾರ್ಚ್ ಮೂರಕ್ಕೆ ಅಲ್ಲಿಂದ ಹೊರಡಬೇಕು; ಆ ಕಂಪನಿಯಲ್ಲಿ ರಜೆಯ ಅರ್ಜಿ ಎರಡು ವಾರ ಮೊದಲೇ ಕೊಡಬೇಕಂತೆ. ಗುರುವಾರ, ಶುಕ್ರವಾರ ಅಲ್ಲಿ ಸೂಟಿ. ಲೆಕ್ಕ ಹಾಕಿದರೆ ಬರುವ ಬುಧವಾರ, ಹದಿನೇಳೇ ಕೊನೆ. ಇವರು ಹೆಡ್ ಆಫೀಸಿಗೆ ಫೋನ್ ಹಚ್ಚಿದರು. ‘ನೌಕರರ ಮನೆಯ ಸುದ್ದಿ ತೆಗೆದುಕೊಳ್ಳುವುದಿಲ್ಲ’ ಎಂದು ಇಟ್ಟುಬಿಟ್ಟರು.

ಚಾಚಿ ಹೇಳಿದಷ್ಟನ್ನೇ ಬರೆದೆ: ‘ಶರ್ಫೂ, ಖುರ್ಷಿದನ ನಿಕಾಹ ಮಾರ್ಚ್ ಏಳಕ್ಕ. ಬುಧವಾರದೊಳಗ ಅರ್ಜಿ ಕೊಡು. ಬಾ.’ ಒಂದು ಪದವೂ ಸೇರಿಸಲಿಲ್ಲ. ಸೇರಿಸುವುದಕ್ಕೇನೂ ಇರಲಿಲ್ಲ.

೧೫ ಫೆಬ್ರುವರಿ, ಸೋಮವಾರ

ಉತ್ತರವಿಲ್ಲ. ಬಂದದ್ದು ಬೇರೆ: ನಾನು ಕೇಳಿದ್ದ ಹಳೆಯ ಮೇಲು, ತಲೆಯ ಸಾಲುಗಳ ಸಮೇತ. ಕೇಳಿದ ಪತ್ರವೂ ಶನಿವಾರವೇ ಕೈಸೇರಿತೆಂದು ಶರಫುದ್ದೀನ ಬರೆದಿದ್ದಾನೆ. ಮತ್ತೆ ಶನಿವಾರ!

ಇವರೂ ನಾನೂ ಒಂದೇ ಸ್ಟೂಲಿನ ಮೇಲೆ ಕುಳಿತು ಓದಿದೆವು. ಗುಲ್ಬರ್ಗಾ ಬಿಟ್ಟದ್ದು ಬೆಳಿಗ್ಗೆ. ಮುಂಬೈ ದಾಟಿದ್ದು ಆಗಲೇ. ಮಸ್ಕತ್ತಿನ ಕಂಪನಿಯ ಸರ್ವರ್ ಮುಟ್ಟಿದ್ದು ಐದು ನಿಮಿಷದೊಳಗೆ. ಬೋರ್ಡಿನಲ್ಲಿದ್ದಷ್ಟೇ! ಆಮೇಲಿನ ಠಸ್ಸೆ ಮಾತ್ರ ಶನಿವಾರದ್ದು. ಅಂದರೆ ನಮ್ಮ ಮೇಲು ಇಡೀ ವಾರ ಮಸ್ಕತ್ತಿನ ಹೊಸ್ತಿಲಲ್ಲಿ ಕುಳಿತಿತ್ತು. ಯಾರೋ ಒಳಗೆ ಬಿಟ್ಟಿರಲಿಲ್ಲ.

‘ಹಂಗಾದ್ರ ಚಾಚಿಯ ನಿಕಾಹದ ಮೇಲ್…’ ಎಂದೆ.

‘ಬರೋ ಶನಿವಾರ,’ ಎಂದರು ಇವರು.

ಪುಸ್ತಕದಲ್ಲಿ ಇನ್ನೊಂದು ವಿಷಯವಿತ್ತು. ಪ್ರತಿಯೊಂದು ಸರ್ವರಿಗೂ ಪೋಸ್ಟ್‌ಮಾಸ್ಟರ್ ಎಂಬ ಒಂದು ವಿಳಾಸ ಇರಲೇಬೇಕು, ಅಲ್ಲಿಗೆ ಬಂದ ದೂರನ್ನು ತಡೆಯಬಾರದು ಎಂಬುದು ಪದ್ಧತಿಯಂತೆ. ಅಲ್ಲಿಗೆ ಬರೆದೆ. ಇವರಿಗೆ ಮಾತ್ರ ಮೋಡೆಮ್ಮಿನ ಮೇಲಿನ ಅನುಮಾನ ಹೋಗಿಲ್ಲ; ಬುಧವಾರ ಅದರ ಬದಲಿ ತರಲು ಗುಲ್ಬರ್ಗಾಕ್ಕೆ ಹೋಗುತ್ತಾರಂತೆ. ‘ಎರಡೂ ಕಡಿ ಗುದ್ದೂಣು,’ ಎಂದರು.

ಮಲ್ಲಣ್ಣ ನಿನ್ನೆ ಶಿವರಾತ್ರಿಗೇ ಬಂದಿದ್ದ. ಅವ್ವ ಎಳೆ ಜೋಳ ಸುಟ್ಟ ಸೀತನಿ ಕಳಿಸಿದ್ದಳು. ಅಂಗಡಿಯ ಕಟ್ಟೆಯ ಮೇಲೆ ಕುಳಿತು ಎಷ್ಟೋ ಹೊತ್ತು ಕಾದ. ‘ಹೊಂಡ್ತೀಯೋ ಇಲ್ಲೋ? ಅಲ್ಲಿ ಅವ್ವ ಬಾಗಿಲಾಗ ನಿಂತಾಳ.’ ಮುಂದಿನ ವಾರ ಬರ್ತೇನಿ ಎಂದೆ. ನನ್ನನ್ನೇ ನೋಡಿ, ‘ಮೈಯಾಗ ಆರಾಮ ಅದೀಯಿಲ್ಲೋ?’ ಎಂದು ಕೇಳಿ ಬಸ್ಸು ಹತ್ತಿದ. ಯಾಕೆ ಹಾಗೆ ಕೇಳಿದನೋ!

೧೭ ಫೆಬ್ರುವರಿ, ಬುಧವಾರ

ನಕ್ಕು ನಕ್ಕು ಸಾಕಾಗಿದೆ. ಮೊದಲಿನಿಂದ ಬರೆಯುತ್ತೇನೆ.

ಇವರು ಬೆಳಗಿನ ಬಸ್ಸಿಗೇ ಮೋಡೆಮ್ ಬದಲಿಗೆ ಗುಲ್ಬರ್ಗಾಕ್ಕೆ ಹೋದರು. ಹಳೆಯದನ್ನು ನನಗೆ ಬಿಟ್ಟು ಹೋಗಿದ್ದರು. ಚಾಚಿ ಅಂಗಡಿ ತೆರೆಯುವ ಮೊದಲೇ ಕಟ್ಟೆಯ ಮೇಲೆ ಕುಳಿತಿದ್ದರು. ಲೈನು ಸಿಗುತ್ತಲೇ ಇರಲಿಲ್ಲ. ಮಧ್ಯಾಹ್ನ ಅತ್ತೆ ಬುತ್ತಿ ತೆಗೆದುಕೊಂಡು ಬರುವ ಹೊತ್ತಿಗೆ ಬೆಕ್ಕು ಕಿರುಚಿ ಸುಮ್ಮನಾಯಿತು. ಒಂದೇ ಒಂದು ಮೇಲ್, ಮಸ್ಕತ್ತಿನ ಪೋಸ್ಟ್‌ಮಾಸ್ಟರ್‌ದು! ಜೋರಾಗಿ ಕನ್ನಡ ಮಾಡಿ ಓದಿದೆ.

‘ಮಾನ್ಯರೆ, ನೀವು ಯಾರೆಂದು ತಿಳಿಯದು. ತೊಂದರೆಯೂ ಅದೇ. ನಮ್ಮಲ್ಲಿಗೆ ದಿನವೂ ಕಸದ ಮೇಲ್ ರಾಶಿ ಬರುತ್ತದೆ: ಬೋಳುತಲೆಗೆ ಎಣ್ಣೆ, ಲಾಟರಿ, ಮನೆಯಲ್ಲೇ ಕುಳಿತು ಶ್ರೀಮಂತರಾಗುವ ದಾರಿ. ಹೊಸ ವರ್ಷದಿಂದ ಒಂದು ಜರಡಿ ಇಟ್ಟಿದ್ದೇವೆ. ಕಳಿಸಿದವರ ಹೆಸರಿಲ್ಲದ್ದನ್ನು ಅದು ಹಿಡಿದಿಡುತ್ತದೆ. ಶನಿವಾರ ನಾನು ಕೈಯಿಂದ ಆರಿಸಿ ಕಾಳನ್ನು ಒಳಗೆ ಬಿಡುತ್ತೇನೆ. ನಿಮ್ಮ ಮೇಲಿನಲ್ಲಿ ಹೆಸರಿನ ಜಾಗದಲ್ಲಿ ಒಂದು ಚುಕ್ಕೆ ಇದೆ. ಚುಕ್ಕೆ ಎಂಬ ಹೆಸರಿನವರನ್ನು ನಾನು ಈವರೆಗೆ ಕಂಡಿಲ್ಲ. ಹೆಸರಿಲ್ಲದವರ ಮಾತಿನ ಮೇಲೆ ಹಿಡಿದದ್ದನ್ನು ಬಿಡಲಾರೆ. ಖಾತೆ ಯಾರದೋ ಅವರ ಹೆಸರು ಹಾಕಿ ಮತ್ತೆ ಕಳಿಸಿ. ಅಂಗಡಿಯ ಹೆಸರು ಬೇಡ, ನಾನು ತಡೆಯುವುದು ಅಂಗಡಿಗಳನ್ನೇ. ಇಂದು ನಮ್ಮ ಒಂದು ಗಂಟೆಗೆ ಕಚೇರಿ ಮುಚ್ಚುತ್ತದೆ.’

ಅವರ ಒಂದು ಅಂದರೆ ನಮ್ಮ ಎರಡೂವರೆ.

‘ಚುಕ್ಕಿ?’ ಎಂದರು ಅತ್ತೆ. ‘ಯಾರು ಹಾಕಿದ್ರು ಚುಕ್ಕಿ?’

ನಾನೇ! ಕಂಪ್ಯೂಟರು ಬಂದ ದಿನ ಇವರು ಮೇಜಿನ ಕೆಳಗೆ ವೈರು ಜೋಡಿಸುತ್ತ, ‘ಹೆಸರು ಕೇಳ್ತದ, ನಂದು ಹಾಕು’ ಎಂದಿದ್ದರು. ಖಾಲಿ ಬಿಟ್ಟರೆ ಮುಂದೆ ಹೋಗಲು ಕೊಡದು. ಬೆರಳು ಇಟ್ಟೆ, ಒತ್ತಲಾಗಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮ ಗುರುಶಾಂತಮ್ಮಜ್ಜಿ ಹೇಳುತ್ತಿದ್ದಾಗ ಕಾನ್ವೆಂಟಿನಿಂದ ಬಂದ ನಾನು ಎಷ್ಟು ನಕ್ಕಿದ್ದೆ! ಅದು ಬೇರೆಯವರ ಗಂಡಂದಿರ ಆಯುಷ್ಯ. ಇದು ಇವರದು. ಇದರಲ್ಲಿ ಅರ್ಧ ದಿನ ಹೋಗುವುದೂ ನನಗೆ ಬೇಡ. ಚುಕ್ಕೆ ಒತ್ತಿ ಮುಂದೆ ಹೋಗಿದ್ದೆ.

ಇಷ್ಟನ್ನು ತೊದಲುತ್ತ ಹೇಳಿದೆ. ಅತ್ತೆ ಬೈಯುತ್ತಾರೆಂದುಕೊಂಡೆ. ಅವರು ಗಂಭೀರವಾಗಿ ತಲೆ ಆಡಿಸಿದರು. ‘ಬರೋಬರಿ ಮಾಡೀದಿ. ಹಂಗ ಬರದ್ರ ಹೆಂಗ? ನಾನೂ ಬರೀತಿದ್ದಿಲ್ಲ.’

‘ಅತ್ತೀ, ನಿಮಗ ಬರಿಯಾಕ ಎಲ್ಲಿ ಬರತದ?’

‘ಬರತಿದ್ರೂ ಬರೀತಿದ್ದಿಲ್ಲ!’

ಚಾಚಿ ಇಬ್ಬರ ಮುಖವನ್ನೂ ನೋಡಿದರು. ಅವರು ಸಿಟ್ಟಾಗಲಿಲ್ಲ. ‘ನಾನೂ ಶರ್ಫೂನ ಅಬ್ಬಾ ಅಂತಿದ್ದೆ ಹೊರತು ಅವರ ಹೆಸರು ಹಿಡಿಲಿಲ್ಲವಾ,’ ಎಂದರು ಮೆಲ್ಲಗೆ. ‘ಆದ್ರ ಈಗ ನನ ಹುಡುಗಿ…’ ಗಡಿಯಾರದಲ್ಲಿ ಎರಡಾಗುತ್ತಿತ್ತು.

ಸಾಕು, ಒತ್ತಿಯೇ ಬಿಡುತ್ತೇನೆ ಎಂದು ಕಣ್ಣು ಮುಚ್ಚಿ ಬೆರಳಿಟ್ಟೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

‘ತಡಿ ಹುಚ್ಚಿ! ಬೋಳು ಹೆಸರು ಹಾಕತಾರೇನು? ಒಡಪು ಹೇಳಿ ಹಾಕು. ಒಡಪಿನ್ಯಾಗ ಹೇಳಿದ್ರ ಏನೂ ಆಗಂಗಿಲ್ಲ. ಅದಕ್ಕ ಅಲ್ಲೇನು ನಮ್ಮವರು ಒಡಪು ಮಾಡಿದ್ದು!’

ಮದುವೆಯ ಚಪ್ಪರದಲ್ಲಿ ಎಲ್ಲರೂ ಅಡ್ಡಗಟ್ಟಿ ನಿಂತು ಗಂಡನ ಹೆಸರು ಹೇಳೆಂದು ಕಾಡಿದಾಗ, ಯಾರೋ ಕಲಿಸಿಕೊಟ್ಟ ಪ್ರಾಸದ ಎರಡು ಸಾಲಿನ ಒಡಪನ್ನು ಗಿಳಿಯಂತೆ ಒಪ್ಪಿಸಿದ್ದೆ. ಅದು ಈಗ ನೆನಪೇ ಇಲ್ಲ! ಹೊಸದು ಕಟ್ಟಬೇಕು, ಮಸ್ಕತ್ತು ಮುಚ್ಚುವುದರೊಳಗೆ. ನರೋಣಾದಿಂದ ಎಸ್‌ಟಿಡಿ ಮಾಡಲು ಬಂದ ಇಬ್ಬರು ಹೆಂಗಸರೂ ರಸೀವರ್ ಇಟ್ಟು ಹತ್ತಿರ ಬಂದರು.

‘ಹಾಲಿನ ಮ್ಯಾಲ ಕಟ್ಟವಾ, ಸಲೀಸ ಬರತದ,’ ಎಂದಳು ಒಬ್ಬಳು.

‘ಮೇಲ್ ಅಂದ್ರ ಹಾಲ್ ಬರೋಬರಿ ಕೂಡತದ,’ ಎಂದಳು ಇನ್ನೊಬ್ಬಳು.

ಕೆನ್ನೆ ಕೆಂಡದಂತೆ ಬಿಸಿಯಾಗಿತ್ತು. ಸೆರಗು ಸರಿ ಮಾಡಿಕೊಂಡೆ. ಇಲ್ಲಿಯೂ ಒಡಪಿನ ಒಳಗಿಟ್ಟೇ ಬರೆಯುತ್ತಿದ್ದೇನೆ.

‘ಹಿತ್ತಾಳಿ ಗಿಂಡ್ಯಾಗ ಬೆಲ್ಲ ಹಾಕಿದ ಹಾಲ,
ಶಿವರಾಯರ ಹೆಸರಿಲೆ ಮಸ್ಕತ್ತಿಗಿ ಹೊಂಟದ ಮೇಲ!’

ಅಂಗಡಿಯೆಲ್ಲ ಹೋ ಎಂದಿತು. ಗೋದಾಮಿನ ಹಮಾಲರು ಚೀಲ ಇಳಿಸಿ ಇಣುಕಿದರು. ನಗುವ ಗದ್ದಲದಲ್ಲೇ ಆ ಹೆಸರನ್ನು ಒಂದೊಂದೇ ಅಕ್ಷರ ಒತ್ತಿದೆ. ಅತ್ತೆ ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು. ನಿಕಾಹದ ಮಾತನ್ನು ಮತ್ತೆ ಹೊಡೆದು ಕಳಿಸಿದೆ.

ಆಮೇಲೆ ಯಾರೂ ಬುತ್ತಿ ಬಿಚ್ಚಲಿಲ್ಲ. ನರೋಣಾದವರು ತಮ್ಮ ಬಸ್ಸು ಬಿಟ್ಟರು. ಲೈನು ಕಡಿದು ಮತ್ತೆ ಹಚ್ಚಿದೆ. ಏನೂ ಇಲ್ಲ. ಮತ್ತೆ ಹಚ್ಚಿದೆ. ಮೂರನೆಯ ಸಲ ಒಂದು ಸಾಲು ಇಳಿಯಿತು:

‘ಅಮ್ಮಿ, ಈಗಷ್ಟೇ ಓದಿದೆ. ಅರ್ಜಿ ಹೆಡ್ ಆಫೀಸಿಗೆ ಮೇಲ್ ಮಾಡಿದೆ, ಮುಟ್ಟಿತಂತೆ. ಖುರ್ಷಿದಗೆ ಹೇಳು, ಬಳೆ ತೊಗೊಬ್ಯಾಡ, ನಾ ತರ್ತೀನಿ.’

ಚಾಚಿ ಪರದೆಗೆ ಎರಡೂ ಕೈಯಿಂದ ದೃಷ್ಟಿ ತೆಗೆದು ನೆಟಿಗೆ ಮುರಿದರು. ಆಮೇಲೆ ನನ್ನದೂ ತೆಗೆದರು.

೧೮ ಫೆಬ್ರುವರಿ, ಗುರುವಾರ

ನಿನ್ನೆ ರಾತ್ರಿಯ ಬಸ್ಸಿಗೆ ಇವರು ಹೊಸ ಮೋಡೆಮ್ ಹಿಡಿದು ಬಂದರು. ಬೆಳಿಗ್ಗೆ ಹೆಸರಿನ ಜಾಗ ನೋಡಿದರು.

‘ಇದು ಯಾರು ಹಾಕಿದ್ದು?’

‘ನಿಮ್ಮ ಅವ್ವನ್ನ ಕೇಳ್ರಿ.’

‘ಒಡಪು ಏನಿತ್ತು ಅಂತ ಇಡೀ ಬಸ್ ಸ್ಟ್ಯಾಂಡಿಗೆ ಗೊತ್ತದ. ಚಹಾದ ಅಂಗಡಿಯವ ನನಗ ಹಾಡಿ ತೋರಿಸಿದ. ನಂಗಷ್ಟ ಗೊತ್ತಿಲ್ಲ. ಒಮ್ಮಿ ಹೇಳಲ್ಲ?’

ಹೇಳಲಿಲ್ಲ. ಗಿರಾಕಿ ಕಾಯುತ್ತಿದ್ದರು. ಗುಳಿ ನೋಡಿದೆ, ಅಷ್ಟೇ.

೨೨ ಫೆಬ್ರುವರಿ, ಸೋಮವಾರ

ಶರಫುದ್ದೀನನ ರಜೆ ಮಂಜೂರು! ಚಾಚಿ ಎಲ್ಲರಿಗೂ ಸಕ್ಕರೆ ಹಂಚಿದರು. ಮಾವ ಬೋರ್ಡಿನ ಕೆಳಗೆ ನಿಂತು ಬಾಯಿಗೆ ಸಕ್ಕರೆ ಹಾಕಿಕೊಂಡು, ‘ಐದು ಮಿನಿಟಂತ, ಹ್ಞಾಂ!’ ಎಂದಷ್ಟೇ ಹೇಳಿ ತಕ್ಕಡಿಗೆ ಹೋದರು. ಮಟಕಿಯಿಂದ ಒಬ್ಬರು, ಸರಸಂಬಾದಿಂದ ಇಬ್ಬರು ಮೇಲ್ ಕಳಿಸಲು ಬಂದಿದ್ದರು. ನಾಳೆಯಿಂದ ಸಂಜೆಯೂ ಬರುತ್ತೇನೆ ಎಂದು ಇವರಿಗೆ ಹೇಳಿದ್ದೇನೆ. ಅಂಗಡಿಗೆ ಇನ್ನೊಂದು ಬೆಂಚು ಬೇಕು.

ಅಫಜಲಪುರಕ್ಕೆ ಹೋಗುವುದು ನಿಕಾಹದ ನಂತರ. ಅವ್ವನಿಗೆ ಫೋನ್ ಮಾಡಿದೆ.

೫ ಮಾರ್ಚ್, ಶುಕ್ರವಾರ

ಶರಫುದ್ದೀನ ಬುಧವಾರ ವಿಮಾನ ಹತ್ತಬೇಕಿತ್ತು. ಆಮೇಲೆ ಸುದ್ದಿಯಿಲ್ಲ. ಬೆಳಿಗ್ಗೆ ಬೆಂಚು ತುಂಬಿತ್ತು. ಚಾಚಿ ಎಲ್ಲರನ್ನೂ ದಾಟಿ ಬಂದು ನನ್ನ ಮುಂದೆ ಕುಳಿತರು.

‘ಬರಿ ಬೇಟಾ.’

‘ಅವ್ರು ಅಲ್ಲಿಂದ ಹೊಂಟಾರಲ್ರೀ ಚಾಚಿ. ಈಗ ಬರದ್ರ ಯಾರ್ ನೋಡ್ತಾರ?’

‘ನೀ ಬರಿ. ವಿಮಾನದಾಗಿದ್ರ ಅಲ್ಲಿಗೇ ಮುಟ್ಟಲಿ.’

ಬರೆಯತೊಡಗಿದೆ. ಚಾಚಿ ಕಣ್ಣು ಮುಚ್ಚಿ ಹೇಳಿದರು. ‘ಶರ್ಫೂ, ಎಲ್ಲಿದ್ದಿ? ನಿನಗಂತ ಹಾಸಿಗಿ ಬಿಸಲಿಗಿ ಹಾಕೇನಿ. ಖುರ್ಷಿದ ನಿನ್ನೆಯಿಂದ ಬಾಗಿಲಾಗ ಕುಂತಾಳ, ಉಣ್ಣವಲ್ಳು. ಮೆಹೆಂದಿ ಹಚ್ಚಿಸಿಕೊಳ್ಳವಲ್ಳು, ಅಣ್ಣ ಬಂದ ಮ್ಯಾಲ ಅಂತಾಳ…’

ತಲೆ ಎತ್ತಿದೆ. ಸೋಲಾಪುರದ ಬಸ್ಸು ಬಂದಿತ್ತು. ಬಾಗಿಲಲ್ಲಿ ಇವರು ಕೆಂಪು ಸೂಟ್‌ಕೇಸ್ ಹಿಡಿದು ನಿಂತಿದ್ದರು, ಗುಳಿ ಕಿವಿಯವರೆಗೂ ಹಬ್ಬಿತ್ತು. ಪಕ್ಕದಲ್ಲಿ ಬಿಸಿಲಿಗೆ ಕಪ್ಪಗಾದ ಎತ್ತರದ ಒಬ್ಬನಿದ್ದ. ಕತ್ತಿಗೆ ಟಾವೆಲ್, ಕೈಯಲ್ಲಿ ಬಳೆಯ ಪೆಟ್ಟಿಗೆ. ಅವನು ತುಟಿಯ ಮೇಲೆ ಬೆರಳಿಟ್ಟ. ಬೆಂಚಿನವರೆಲ್ಲ ಉಸಿರು ಬಿಗಿಹಿಡಿದರು.

ನಾನು ಬರೆಯುತ್ತಲೇ ಹೋದೆ. ಅಕ್ಷರಗಳು ಮಂಜಾಗುತ್ತಿದ್ದವು.

‘…ನೀ ಬಂದ್ರ ಸಾಕು, ಏನೂ ತರಬ್ಯಾಡ. ಬಸ್,’ ಎಂದರು ಚಾಚಿ. ‘ಕಳಸು.’

ಒತ್ತಿದೆ.

‘ಹೋತೇನು?’

‘ಹೋತ್ರೀ.’

‘ಯಾವಾಗ ಮುಟ್ಟತದವಾ?’

‘ಮುಟ್ಟೇಬಿಟ್ಟದ್ರೀ ಚಾಚಿ. ಹಿಂದ ನೋಡ್ರಿ.’

ಚಾಚಿ ಗಡಬಡಿಸಿ ಎದ್ದು, ಬಗ್ಗಿ, ಕಂಪ್ಯೂಟರಿನ ಹಿಂದೆ ನೋಡಿದರು.

‘ಅಲ್ಲಲ್ಲ ಅಮ್ಮಿ,’ ಎಂದಿತು ಬಾಗಿಲಿನ ಧ್ವನಿ. ‘ಈ ಕಡಿ.’